ಹಡಗಿನೊಳಗಿನ ಎರಡು ಸಾವಿರ ವಾಲ್ವ್‌ಗಳು

(ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸಣ್ಣ ಕಾರ್ಖಾನೆಗಳ ಮಾಲೀಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಎರಡು ಹಡಗುಗಳ ಲೆಕ್ಕದಿಂದ ಮಾತು ಶುರು ಮಾಡುತ್ತೇನೆ.

ಐಎನ್‌ಎಸ್ ಕೋಲ್ಕತಾ ಎಂಬ ಡಿಸ್ಟ್ರಾಯರ್ (ದೊಡ್ಡ ಯುದ್ಧನೌಕೆ) ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ನೀರಿಗಿಳಿದದ್ದು 2006ರಲ್ಲಿ. ನೌಕಾಪಡೆಯ ಸೇವೆಗೆ ಸೇರಿದ್ದು 2014ರ ಆಗಸ್ಟ್‌ನಲ್ಲಿ. ಅಂದರೆ ನೀರಿಗಿಳಿದ ಮೇಲೂ ಪೂರ್ತಿ ಸಜ್ಜಾಗಲು ಎಂಟು ವರ್ಷ ಬೇಕಾದವು. ಅದೇ ಹಡಗುಕಟ್ಟೆಯಲ್ಲಿ, ಅದರ ಮುಂದಿನ ಪೀಳಿಗೆಯ ಐಎನ್‌ಎಸ್ ಸೂರತ್ 2022ರ ಮೇ ತಿಂಗಳಲ್ಲಿ ನೀರಿಗಿಳಿದು 2025ರ ಜನವರಿ 15ರಂದು ಸೇವೆಗೆ ಸೇರಿತು. ಮೂರು ವರ್ಷವೂ ಹಿಡಿಯಲಿಲ್ಲ. ಎರಡರ ವಿನ್ಯಾಸವೂ ನಮ್ಮ ನೌಕಾಪಡೆಯದೇ. ಒಡಲಿನ ಅಳತೆಯೂ ಹೆಚ್ಚುಕಡಿಮೆ ಒಂದೇ.

ಈ ಐದು ವರ್ಷಗಳ ಅಂತರ ಎಲ್ಲಿಂದ ಬಂತು? ಹಡಗಿನ ಯಂತ್ರಭಾಗಗಳ ಗುಣಮಟ್ಟ ತಪಾಸಣೆಯಲ್ಲಿ ವೃತ್ತಿ ಕಳೆದವನು ನಾನು. ಈ ಪ್ರಶ್ನೆಯ ಉತ್ತರದೊಳಗೆ ಹುಬ್ಬಳ್ಳಿಗೂ ಒಂದು ಪಾಲು ಇದೆ ಎಂದು ನಂಬಿದ್ದೇನೆ. ಇವತ್ತು ಬಂದದ್ದು ಅದನ್ನು ಹೇಳಲಿಕ್ಕೆ.

ಹಡಗು ನೀರಿಗಿಳಿಯುವ ದಿನ ತೆಂಗಿನಕಾಯಿ ಒಡೆಯುತ್ತಾರೆ, ಮರುದಿನದ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ನೋಡಿದವರಿಗೆ ಹಡಗು ಸಿದ್ಧವಾಯಿತು ಅನಿಸುತ್ತದೆ. ಹಳೆಯ ಪದ್ಧತಿಯಲ್ಲಿ ಆ ದಿನ ನೀರಿಗಿಳಿಯುತ್ತಿದ್ದದ್ದು ಬಹುಪಾಲು ಖಾಲಿಯಾದ ಉಕ್ಕಿನ ಒಡಲು. ಆಮೇಲೆ ಕಿಷ್ಕಿಂಧೆಯಂಥ ಕೋಣೆಗಳೊಳಗೆ ಒಬ್ಬರ ಬೆನ್ನಿಗೆ ಒಬ್ಬರು ತಾಗುವಂತೆ ಕೂತು ಪೈಪು ಜೋಡಿಸಬೇಕು, ಕೇಬಲ್ ಎಳೆಯಬೇಕು, ಪಂಪು ಕೂರಿಸಬೇಕು. ಒಂದು ಪಂಪು ತಡವಾಗಿ ಬಂದರೆ ಅದರ ಮೇಲೆ ಹಾಯುವ ಪೈಪು ನಿಲ್ಲುತ್ತದೆ, ಪೈಪಿನ ಮೇಲೆ ಹಾಯುವ ಕೇಬಲ್ ನಿಲ್ಲುತ್ತದೆ. ಈಗ ಹಡಗನ್ನು ದೊಡ್ಡ ದೊಡ್ಡ ಬ್ಲಾಕ್‌ಗಳಾಗಿ ನೆಲದ ಮೇಲೆಯೇ ಕಟ್ಟಿ, ಪೈಪು, ಕೇಬಲ್‌ದಾರಿ, ಯಂತ್ರದ ಪೀಠಗಳನ್ನೆಲ್ಲ ಆಗಲೇ ತುಂಬಿಸಿ, ಬಳಿಕ ಒಂದಕ್ಕೊಂದು ಬೆಸೆಯುತ್ತಾರೆ. ಕೆಲಸಗಾರನಿಗೆ ಬೆಳಕು, ಗಾಳಿ, ಕೈಯಾಡಿಸಲು ಜಾಗ ಸಿಗುತ್ತದೆ. ಆದರೆ ಬ್ಲಾಕ್ ಮುಚ್ಚುವ ಮೊದಲೇ ಸಾಮಾನು ಕೈಗೆ ಬಂದಿರಬೇಕು! ಏಳು ಸಮುದ್ರದಾಚೆಯಿಂದ ಬರುವ ಪೆಟ್ಟಿಗೆಯನ್ನು ನೆಚ್ಚಿಕೊಂಡು ಈ ಪದ್ಧತಿ ನಡೆಯುವುದು ಕಷ್ಟ. ಕೋಲ್ಕತಾ ವರ್ಗದ ಹಡಗುಗಳಿಗೆ ರಷ್ಯಾದ ಉಕ್ಕು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕ್ಷಿಪಣಿ ವ್ಯವಸ್ಥೆ ಇನ್ನೂ ಅಭಿವೃದ್ಧಿಯ ಹಂತದಲ್ಲಿತ್ತು. ನಡುವೆ ವಿನ್ಯಾಸವೂ ಬದಲಾಯಿತು. ಎಂಟು ವರ್ಷ ಹೋದದ್ದು ಹೀಗೆ.

ಉಕ್ಕಿನ ಮಾತು ಬಂತು. ಸ್ವಲ್ಪ ನಿಂತು ಹೇಳಬೇಕಾದ ಮಾತು ಇದು.

ಯುದ್ಧನೌಕೆಯ ಉಕ್ಕಿಗೆ ಬರೀ ಗಟ್ಟಿತನ ಸಾಲದು. ಹತ್ತಿರದಲ್ಲಿ ಸ್ಫೋಟವಾದರೆ ಬಾಗಬೇಕು, ಗಾಜಿನಂತೆ ಸೀಳಬಾರದು. ಜೊತೆಗೆ ಬೆಸುಗೆಗೆ ಒಗ್ಗಬೇಕು. ಹಡಗೆಂದರೆ ಸಾವಿರಾರು ತಗಡುಗಳ ಬೆಸುಗೆ. ತಗಡು ಎಷ್ಟೇ ಒಳ್ಳೆಯದಿದ್ದರೂ ಬೆಸುಗೆಯ ಪಕ್ಕದ ಬೆರಳಗಲ ಜಾಗ ಪೆಡಸಾದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಕೊಚ್ಚಿಯಲ್ಲಿ ವಿಮಾನವಾಹಕ ನೌಕೆ ಕಟ್ಟಬೇಕೆಂದು ಹೊರಟಾಗ ಈ ಉಕ್ಕು ರಷ್ಯಾದಿಂದ ಬರಬೇಕಿತ್ತು. ಅದು ಬರಲಿಲ್ಲ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ, ಅಂದರೆ ಡಿಎಂಆರ್‌ಎಲ್, ರೂಪಿಸಿದ ಡಿಎಂಆರ್ 249 ಎಂಬ ಉಕ್ಕನ್ನು ಸರ್ಕಾರಿ ಕಂಪನಿ ಸೈಲ್ ತನ್ನ ಕಾರ್ಖಾನೆಗಳಲ್ಲಿ ಕರಗಿಸಿ ತಗಡು ಮಾಡಿಕೊಟ್ಟಿತು. ಒಡಲಿಗೆ ‘ಎ’ ದರ್ಜೆ, ವಿಮಾನ ಇಳಿಯುವ ಅಟ್ಟಕ್ಕೆ ಇನ್ನೂ ಬಲವಾದ ‘ಬಿ’ ದರ್ಜೆ. ಮೈನಸ್ 60 ಡಿಗ್ರಿ ಚಳಿಯಲ್ಲಿ ಪೆಟ್ಟು ಕೊಟ್ಟು ಆ ಉಕ್ಕಿನ ತಾಳಿಕೆಯನ್ನು ಪರೀಕ್ಷಿಸುತ್ತಾರೆ. ಅದಕ್ಕೆ ಹೊಂದುವ ಬೆಸುಗೆ ಕಡ್ಡಿಗಳನ್ನೂ ಬೇರೆಯೇ ತಯಾರಿಸಬೇಕಾಯಿತು. 262 ಮೀಟರ್ ಉದ್ದದ ವಿಕ್ರಾಂತ್ ಆ ಉಕ್ಕಿನಲ್ಲಿ ಎದ್ದು ನಿಂತು 2022ರ ಸೆಪ್ಟೆಂಬರ್ 2ರಂದು ಸೇವೆಗೆ ಬಂತು. ಈಗ ನಮ್ಮ ಹಡಗುಕಟ್ಟೆಗಳಲ್ಲಿ ಏಳುವ ಯುದ್ಧನೌಕೆಗಳಿಗೆ ಉಕ್ಕು ಹೊರಗಿನಿಂದ ಬರುವ ಮಾತೇ ಇಲ್ಲ. ವಿಕ್ರಾಂತ್‌ನಿಂದ ನಮಗೆ ದಕ್ಕಿದ ಅತಿದೊಡ್ಡ ಆಸ್ತಿ ಯಾವುದೆಂದು ಕೇಳಿದರೆ ನಾನು ಈ ಉಕ್ಕಿನ ಕಡೆ ಬೆರಳು ತೋರಿಸುತ್ತೇನೆ.

ವಿನ್ಯಾಸದ ದಾರಿಯೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಬಂದದ್ದು. 1960ರ ದಶಕದಲ್ಲಿ ನೌಕಾಪಡೆ ತನ್ನದೇ ಸಣ್ಣ ವಿನ್ಯಾಸ ಕಚೇರಿ ತೆರೆಯಿತು. 1972ರಲ್ಲಿ ಸೇವೆಗೆ ಬಂದ ನೀಲಗಿರಿ ಬ್ರಿಟಿಷರ ನಕ್ಷೆ ಇಟ್ಟುಕೊಂಡು ಮುಂಬೈಯಲ್ಲಿ ಕಟ್ಟಿದ ಫ್ರಿಗೇಟ್, ಅಂದರೆ ಡಿಸ್ಟ್ರಾಯರ್‌ಗಿಂತ ಚಿಕ್ಕ ಯುದ್ಧನೌಕೆ. 1983ರ ಗೋದಾವರಿ ನಮ್ಮದೇ ವಿನ್ಯಾಸ. 1997ರಲ್ಲಿ ಡೆಲ್ಲಿ ಎಂಬ ಡಿಸ್ಟ್ರಾಯರ್ ಬಂತು. 2025ರ ಆಗಸ್ಟ್ 26ರಂದು ವಿಶಾಖಪಟ್ಟಣದಲ್ಲಿ ಸೇವೆಗೆ ಸೇರಿದ ಉದಯಗಿರಿ, ನೌಕಾಪಡೆಯ ವಿನ್ಯಾಸಕಾರರ ಕೈಯಿಂದ ಹೊರಬಂದ ನೂರನೆಯ ಹಡಗು. ನೂರು ಹಡಗು ಅಂದರೆ ನೂರು ಸಲ ತೂಕದ ಲೆಕ್ಕ, ಸಮತೋಲದ ಲೆಕ್ಕ, ನೀರು ನುಗ್ಗಿದರೆ ಎಷ್ಟು ಕೋಣೆ ತುಂಬುವವರೆಗೂ ತೇಲೀತು ಎಂಬ ಲೆಕ್ಕ. ವಿಶಾಖಪಟ್ಟಣದ ಎನ್‌ಎಸ್‌ಟಿಎಲ್ ಪ್ರಯೋಗಾಲಯದಲ್ಲಿ 500 ಮೀಟರ್ ಉದ್ದದ ನೀರಿನ ತೊಟ್ಟಿಯೊಂದಿದೆ. ಹಡಗಿನ ಚಿಕ್ಕ ಮಾದರಿಯನ್ನು ಅದರಲ್ಲಿ ಎಳೆದು, ನೀರು ಎಷ್ಟು ತಡೆ ಒಡ್ಡುತ್ತದೆಂದು ಅಳೆಯುತ್ತಾರೆ. ಇಲ್ಲಿ ಕೂತ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಹರಿವಿನ ಲೆಕ್ಕ ಮಾಡುವುದನ್ನು ಕಲಿತಿದ್ದೀರಿ. ಆ ಲೆಕ್ಕ ನಿಜವೋ ಸುಳ್ಳೋ ಎಂದು ಹೇಳುವ ಜಾಗ ಅದು.

ನೌಕಾಪಡೆಯವರು ಸ್ವದೇಶೀಕರಣವನ್ನು ಮೂರು ಪಾಲು ಮಾಡಿ ನೋಡುತ್ತಾರೆ: ತೇಲುವುದು, ಚಲಿಸುವುದು, ಹೋರಾಡುವುದು. ತೇಲುವ ಭಾಗದಲ್ಲಿ, ಅಂದರೆ ಒಡಲು ಮತ್ತು ಅದರ ಸಜ್ಜಿನಲ್ಲಿ, ನಮ್ಮದು ಶೇಕಡಾ 90ರ ಆಸುಪಾಸು. ಚಲಿಸುವ ಭಾಗದಲ್ಲಿ 60ರಷ್ಟು. ಆಯುಧ, ರೇಡಾರ್ ಸೇರಿದ ಹೋರಾಡುವ ಭಾಗದಲ್ಲಿ ಸುಮಾರು 50. ನೌಕಾಪಡೆ ಸಾಮಾನ್ಯವಾಗಿ ಕೊಡುವ ಲೆಕ್ಕ ಇದು, ಹಡಗಿನಿಂದ ಹಡಗಿಗೆ ಹೆಚ್ಚುಕಡಿಮೆ ಆಗುತ್ತದೆ.

ಹೋರಾಡುವ ಭಾಗದ ಒಂದು ಕಥೆಯನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಈ ಸಭೆಯಲ್ಲಿರುವ ಎಳೆಯರಿಗೆ ಇದು ಗೊತ್ತಿರಲೇಬೇಕು.

1971ರ ಡಿಸೆಂಬರ್ 9ರ ರಾತ್ರಿ, ದೀವ್ ಕರಾವಳಿಯಾಚೆ, ಐಎನ್‌ಎಸ್ ಖುಕ್ರಿ ಎಂಬ ನಮ್ಮ ಫ್ರಿಗೇಟನ್ನು ಪಾಕಿಸ್ತಾನದ ಹಂಗೋರ್ ಎಂಬ ಜಲಾಂತರ್ಗಾಮಿ ಟಾರ್ಪಿಡೊ ಹೊಡೆದು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಪ್ರಾಣ ಕೊಟ್ಟರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು. ಖುಕ್ರಿ ಬ್ರಿಟನ್ನಿನಲ್ಲಿ ಕಟ್ಟಿದ ಹಡಗು. ಅದರ ಸೋನಾರ್‌ಗೆ, ಅಂದರೆ ನೀರೊಳಗೆ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಕೇಳುವ ಉಪಕರಣಕ್ಕೆ, ಶತ್ರು ಎಷ್ಟು ದೂರದಿಂದ ನಮ್ಮನ್ನು ಕೇಳಬಲ್ಲನೋ ಅಷ್ಟು ದೂರ ಕೇಳುವ ಶಕ್ತಿ ಇರಲಿಲ್ಲ. ನಮಗಿಂತ ಮೊದಲೇ ಅವರಿಗೆ ನಾವು ‘ಕಂಡಿದ್ದೆವು’.

ಆ ಕಾಲಕ್ಕೆ ಆರೋಗ್ಯಸ್ವಾಮಿ ಪಾಲ್‌ರಾಜ್ ಎಂಬ ಎಳೆಯ ನೌಕಾಧಿಕಾರಿ ಇದ್ದರು. ಎನ್‌ಡಿಎ ಸೇರಿ ನೌಕಾಪಡೆಗೆ ಬಂದವರು, ಐಐಟಿ ದಿಲ್ಲಿಯಲ್ಲಿ ಪಿಎಚ್‌ಡಿ ಮಾಡಿದವರು. ಯುದ್ಧದ ನಂತರ ಕೊಚ್ಚಿಯ ನೌಕಾ ಭೌತಿಕ ಹಾಗೂ ಸಾಗರ ಪ್ರಯೋಗಾಲಯದಲ್ಲಿ ಹೊಸ ಸೋನಾರ್ ಕಟ್ಟುವ ತಂಡದ ನೇತೃತ್ವ ಅವರಿಗೆ ಬಂತು. ನಮ್ಮ ಸಮುದ್ರದ ಸ್ವಭಾವ ಬೇರೆ. ಅರಬ್ಬೀ ಸಮುದ್ರದ ಮೇಲ್ಪದರ ಬಿಸಿ, ಕೆಳಪದರ ತಂಪು. ಆ ಎರಡರ ನಡುವೆ ಶಬ್ದದ ದಾರಿ ಬಾಗುತ್ತದೆ, ಜಲಾಂತರ್ಗಾಮಿ ಆ ಬಾಗಿನ ನೆರಳಲ್ಲಿ ಅಡಗುತ್ತದೆ. ಅಟ್ಲಾಂಟಿಕ್‌ನ ಚಳಿನೀರಿಗಾಗಿ ಮಾಡಿದ ಉಪಕರಣವನ್ನು ತಂದು ಇಲ್ಲಿ ಕೂರಿಸಿದರೆ ಅಷ್ಟೇ ಚೆನ್ನಾಗಿ ಕೇಳಬೇಕೆಂದೇನೂ ಇಲ್ಲ. ಪಾಲ್‌ರಾಜ್ ಅವರ ತಂಡ ರೂಪಿಸಿದ ಸೋನಾರ್‌ಗೆ ‘ಅಪ್ಸೋ’ ಎಂದು ಹೆಸರು. ಅದನ್ನು ತಯಾರಿಸಿದ್ದು ನಮ್ಮ ಬೆಂಗಳೂರಿನ ಬಿಇಎಲ್. 1983ರಲ್ಲಿ ಸೇವೆಗೆ ಬಂದ ಗೋದಾವರಿಯ ಹೊಟ್ಟೆಯಡಿ ಈ ಸೋನಾರ್ ಕೂತಿತು. ಖುಕ್ರಿ ಮುಳುಗಿ ಹನ್ನೆರಡು ವರ್ಷವಾಗಿತ್ತು. ಅದರ ಮುಂದಿನ ಪೀಳಿಗೆಯ ‘ಹಂಸ’ ಸೋನಾರ್‌ಗಳು ಈಗಲೂ ಕೊಚ್ಚಿಯಲ್ಲಿ ರೂಪುಗೊಂಡು ಬೆಂಗಳೂರಿನಲ್ಲಿ ತಯಾರಾಗಿ ಹಡಗು ಸೇರುತ್ತವೆ.

ಅದೇ ಪಾಲ್‌ರಾಜ್ ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋದರು. ನಿಮ್ಮ ಕಿಸೆಯಲ್ಲಿರುವ ಫೋನು ಹಲವು ಆಂಟೆನಾಗಳಿಂದ ಒಟ್ಟಿಗೇ ಸಂಕೇತ ಹಿಡಿಯುವ ಮೈಮೋ ತಂತ್ರಜ್ಞಾನದ ಮೂಲ ಚಿಂತನೆ ಅವರದು. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು. ಅನೇಕ ಗ್ರಾಹಕಗಳಿಗೆ ಬಂದ ಸಂಕೇತವನ್ನು ಸೇರಿಸಿ ಓದುವ ವಿದ್ಯೆಯಲ್ಲಿ ಅವರ ಕೈ ಪಳಗಿದ್ದು ಕೊಚ್ಚಿಯಲ್ಲಿ, ಸೋನಾರಿನ ಕೆಲಸದಲ್ಲಿ.

ಚಲಿಸುವ ಭಾಗದಲ್ಲಿ ನಮ್ಮ ಕೊರತೆ ದೊಡ್ಡದು. ವಿಕ್ರಾಂತ್‌ನ ನಾಲ್ಕು ಗ್ಯಾಸ್ ಟರ್ಬೈನ್‌ಗಳು ಅಮೆರಿಕದ ಜಿಇ ಕಂಪನಿಯ ವಿನ್ಯಾಸ, ಜೋಡಣೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಸೂರತ್‌ನಂಥ ಡಿಸ್ಟ್ರಾಯರ್‌ಗಳ ಟರ್ಬೈನ್ ಉಕ್ರೇನಿನದು. ಇದು ಎಂಥ ಇಕ್ಕಟ್ಟಿಗೆ ತಂದಿತೆಂದರೆ, ತುಶೀಲ್ ಮತ್ತು ತಮಾಲ್ ಎಂಬ ಎರಡು ಫ್ರಿಗೇಟ್‌ಗಳನ್ನು ರಷ್ಯಾದಲ್ಲಿ ಕಟ್ಟಿಸಿದೆವು, ಅವುಗಳ ಎಂಜಿನ್ ಉಕ್ರೇನಿನಲ್ಲಿ ತಯಾರಾದವು. ಆ ಎರಡು ದೇಶಗಳು ಒಂದಕ್ಕೊಂದು ಕೊಡುವುದು-ಕೊಳ್ಳುವುದು ನಿಂತಿದ್ದರಿಂದ ಭಾರತವೇ ಎಂಜಿನ್ ಕೊಂಡು ರಷ್ಯಾಕ್ಕೆ ತಲುಪಿಸಬೇಕಾಯಿತು. 2025ರ ಜುಲೈ 1ರಂದು ಸೇವೆಗೆ ಬಂದ ತಮಾಲ್, ಹೊರದೇಶದಲ್ಲಿ ಕಟ್ಟಿಸಿದ ಕೊನೆಯ ಯುದ್ಧನೌಕೆ ಎಂದು ನೌಕಾಪಡೆ ಹೇಳಿದೆ. ಆ ಮಾತು ಉಳಿಯಬೇಕಾದರೆ ಎಂಜಿನ್ ಕೊಠಡಿಯೂ ನಮ್ಮದಾಗಬೇಕು. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ, ಯುದ್ಧವಿಮಾನಕ್ಕೆಂದು ರೂಪಿಸಿದ ತನ್ನ ಕಾವೇರಿ ಎಂಜಿನ್ನಿನ ಸಾಗರ ರೂಪವನ್ನು 12 ಮೆಗಾವ್ಯಾಟ್‌ವರೆಗೆ ಪರೀಕ್ಷೆಯ ಕಟ್ಟೆಯಲ್ಲಿ ಓಡಿಸಿ ತೋರಿಸಿತ್ತು. ಅದು ಹಡಗು ಹತ್ತಲಿಲ್ಲ. ಅಷ್ಟು ದೂರ ನಡೆದು ಅಲ್ಲಿ ನಿಂತೆವಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ.

2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವಾಲಯ 6 ಮೆಗಾವ್ಯಾಟ್ ಸಾಗರ ಡೀಸೆಲ್ ಎಂಜಿನ್ ರೂಪಿಸುವ ಕೆಲಸವನ್ನು ಪುಣೆಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ಗೆ ಒಪ್ಪಿಸಿತು. ವೆಚ್ಚ 270 ಕೋಟಿ ರೂಪಾಯಿ, ಅದರಲ್ಲಿ ಶೇಕಡಾ 70 ಸರ್ಕಾರದ್ದು. ಕಿರ್ಲೋಸ್ಕರ್ ಎಂಬ ಹೆಸರನ್ನು ಈ ಊರಿನವರಿಗೆ ಪರಿಚಯಿಸಬೇಕಿಲ್ಲ. ಗೋಕುಲ ರಸ್ತೆಯಲ್ಲಿ ಆ ಹೆಸರಿನ ವಿದ್ಯುತ್ ಯಂತ್ರಗಳ ಕಾರ್ಖಾನೆ ನೋಡುತ್ತಲೇ ಬೆಳೆದವರು ನೀವು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದೂ ಧಾರವಾಡದಿಂದ ದೂರವಲ್ಲದ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಈಗ ವಾಲ್ವ್‌ಗಳ ವಿಷಯ.

ವಿಕ್ರಾಂತ್ ಸೇವೆಗೆ ಬಂದಾಗ ಕೊಟ್ಟ ವಿವರಗಳಲ್ಲಿ ಎಲ್ಲರ ಕಣ್ಣು ಹೋದದ್ದು ವಿಮಾನಗಳ ಕಡೆಗೆ. ನನ್ನ ಕಣ್ಣು ನಿಂತದ್ದು ಬೇರೊಂದು ಸಾಲಿನ ಮೇಲೆ: ಸುಮಾರು 2,500 ಕಿಲೋಮೀಟರ್ ವಿದ್ಯುತ್ ಕೇಬಲ್, 150 ಕಿಲೋಮೀಟರ್ ಪೈಪು, 2,000 ವಾಲ್ವ್. ಇವೆಲ್ಲ ದೇಶದೊಳಗೇ ತಯಾರಾದವು. ಹಡಗಿನ ಒಟ್ಟು ಸ್ವದೇಶಿ ಪಾಲು ಶೇಕಡಾ 76.

ಹುಬ್ಬಳ್ಳಿ ಕೈಗಾರಿಕಾ ವಾಲ್ವ್‌ಗಳಿಗೆ ಹೆಸರಾದ ಊರು. ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಲ್ಲಿ ಎರಕ ಹೊಯ್ಯುವವರು, ಲೇತ್ ಮೇಲೆ ಕೂರುವವರು, ಒತ್ತಡದ ಪರೀಕ್ಷೆ ಮಾಡುವವರು ಎರಡು-ಮೂರು ತಲೆಮಾರಿನಿಂದ ಇದ್ದಾರೆ. ತೈಲ ಶುದ್ಧೀಕರಣ, ವಿದ್ಯುತ್ ಸ್ಥಾವರಗಳಿಗೆ ವಾಲ್ವ್ ಮಾಡುವ ಕೈಗಳಿವು. ಯುದ್ಧನೌಕೆಯ ವಾಲ್ವ್ ಅದಕ್ಕಿಂತ ಎಲ್ಲಿ ಬೇರೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ವ್ಯತ್ಯಾಸ ತಿಳಿಯದೆ ಟೆಂಡರ್ ಹಾಕಿ ಕೈಸುಟ್ಟುಕೊಂಡು ವಾಪಸಾದವರನ್ನು ಕಂಡಿದ್ದೇನೆ.

ಮೊದಲನೆಯದು ಉಪ್ಪುನೀರು. ಹಡಗಿನ ಒಡಲಿನಲ್ಲೇ ತೂತು ಕೊರೆದು ಸಮುದ್ರದ ನೀರನ್ನು ಒಳಗೆ ತರುತ್ತಾರೆ, ಎಂಜಿನ್ ತಂಪಾಗಿಸಲು, ಬೆಂಕಿ ಆರಿಸಲು. ಆ ತೂತಿನ ಬಾಯಿಗೇ ಒಂದು ವಾಲ್ವ್. ಪೈಪು ಒಡೆದರೆ ಅದನ್ನು ಮುಚ್ಚಬೇಕು. ಅದು ಕಚ್ಚಿಕೊಂಡರೆ ಸಮುದ್ರವೇ ಒಳಗೆ. ಅದಕ್ಕೇ ಅಲ್ಲಿ ನಿಕ್ಕಲ್-ಅಲ್ಯೂಮಿನಿಯಂ ಕಂಚಿನ ಎರಕ, ತಾಮ್ರ-ನಿಕ್ಕಲ್ ಪೈಪು. ಬೇರೆ ಜಾತಿಯ ಲೋಹದ ಒಂದೇ ಒಂದು ಬೋಲ್ಟ್ ಸೇರಿದರೂ ಉಪ್ಪುನೀರಿನಲ್ಲಿ ಅವೆರಡರ ನಡುವೆ ವಿದ್ಯುತ್ ಹರಿದು, ಎರಡರಲ್ಲಿ ಒಂದು ಕರಗುತ್ತ ಹೋಗುತ್ತದೆ. ಕಂಚಿನ ಈ ಎರಕದಲ್ಲಿ ಗಾಳಿಗುಳ್ಳೆ ಉಳಿಯುವುದು ಸುಲಭ. ಕ್ಷಕಿರಣದಲ್ಲಿ ನೋಡದೆ ಯಾರೂ ಒಪ್ಪುವುದಿಲ್ಲ.

ಎರಡನೆಯದು ಆಘಾತ. ಗಣಿಬಾಂಬು ಹಡಗಿಗೆ ತಾಗಬೇಕೆಂದಿಲ್ಲ, ಪಕ್ಕದ ನೀರಿನಲ್ಲಿ ಸಿಡಿದರೂ ಸಾಕು. ನೀರು ಕುಗ್ಗುವುದಿಲ್ಲ, ಹೊಡೆತವನ್ನು ಹಾಗೇ ಒಡಲಿಗೆ ದಾಟಿಸುತ್ತದೆ. 1939ರ ನವೆಂಬರ್‌ನಲ್ಲಿ ಬ್ರಿಟನ್ನಿನ ಬೆಲ್‌ಫಾಸ್ಟ್ ಎಂಬ ಕ್ರೂಸರ್ ಹೀಗೆ ಗಣಿಬಾಂಬಿನ ಹೊಡೆತಕ್ಕೆ ಸಿಕ್ಕಿತು. ಹಡಗು ಮುಳುಗಲಿಲ್ಲ. ಆದರೆ ಅದರ ಬೆನ್ನೆಲುಬು ಬಾಗಿತ್ತು, ಒಳಗಿನ ಯಂತ್ರಗಳು ಪೀಠ ಸಮೇತ ಜಖಂಗೊಂಡಿದ್ದವು. ಅದು ಮತ್ತೆ ಸೇವೆಗೆ ಬರಲು ಸುಮಾರು ಮೂರು ವರ್ಷ ಬೇಕಾದವು. ಅಂಥ ಅನುಭವಗಳಿಂದಲೇ ಯುದ್ಧನೌಕೆಯ ಮುಖ್ಯ ಜಾಗಗಳಲ್ಲಿ ಬೀಡುಕಬ್ಬಿಣ ಬೇಡ ಎಂಬ ಶಿಸ್ತು ಬಂದದ್ದು, ಅದು ಬಾಗುವುದಿಲ್ಲ, ಒಡೆಯುತ್ತದೆ. ಇವತ್ತು ಪಂಪು, ವಾಲ್ವ್, ಸ್ವಿಚ್‌ಬೋರ್ಡ್‌ಗಳನ್ನು ಆಘಾತ ಪರೀಕ್ಷೆಯ ಯಂತ್ರದ ಮೇಲೆ ಕಟ್ಟಿ ಭಾರದ ಸುತ್ತಿಗೆಯಿಂದ ಹೊಡೆಯುತ್ತಾರೆ. ಹೊಡೆತದ ನಂತರವೂ ಅದು ಕೆಲಸ ಮಾಡಬೇಕು, ಸೋರಬಾರದು, ಬಿಡಿಭಾಗ ಹಾರಿ ನಾವಿಕನಿಗೆ ಬಡಿಯಬಾರದು.

ಮೂರನೆಯದು ಸದ್ದು. ಮೋಟಾರು ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾರ್ಖಾನೆಯಲ್ಲಿ ಮೋಟಾರು ಸ್ವಲ್ಪ ಗುಂಯ್‌ಗುಟ್ಟಿದರೆ ಯಾರ ಪ್ರಾಣವೂ ಹೋಗುವುದಿಲ್ಲ. ಹಡಗಿನಲ್ಲಿ ಆ ಗುಂಯ್ ಒಡಲಿನ ಮೂಲಕ ನೀರಿಗಿಳಿದು ಮೈಲುಗಟ್ಟಲೆ ದೂರದಲ್ಲಿ ಕಿವಿಗೊಟ್ಟು ಕೂತ ಜಲಾಂತರ್ಗಾಮಿಗೆ ವಿಳಾಸ ಹೇಳುತ್ತದೆ. ರೋಟರಿನ ಸಮತೋಲ, ಬೇರಿಂಗ್‌ನ ನಯ, ರಬ್ಬರ್ ಪೀಠದ ಮೆದುತನ ಎಲ್ಲಕ್ಕೂ ಮಿತಿ ಬರೆದಿಟ್ಟಿರುತ್ತಾರೆ, ಪ್ರತಿಯೊಂದು ಕಂಪನಾಂಕಕ್ಕೂ ಬೇರೆ ಬೇರೆ. 2014ರಲ್ಲಿ ಸೇವೆಗೆ ಬಂದ ಕಮೋರ್ಟಾ ಜಲಾಂತರ್ಗಾಮಿ ಬೇಟೆಯ ಹಡಗು. ಅಂಥ ಹಡಗಿನಲ್ಲಿ ತಂಪುಪೆಟ್ಟಿಗೆಯ ಕಂಪ್ರೆಸರ್ ಕೂಡ ಪಿಸುಮಾತಿನಲ್ಲೇ ಕೆಲಸ ಮಾಡಬೇಕು.

ಇನ್ನು ಕಾಗದ. ನಗಬೇಡಿ. ನಾನು ತಪಾಸಣೆಗೆ ಹೋದ ಕಡೆ ಅತಿ ಹೆಚ್ಚು ಸಾಮಾನು ತಿರಸ್ಕೃತವಾದದ್ದು ಇದರಿಂದಲೇ. ವಾಲ್ವ್ ಥಳಥಳ ಹೊಳೆಯುತ್ತಿರುತ್ತದೆ, ಒತ್ತಡದ ಪರೀಕ್ಷೆಯಲ್ಲಿ ಒಂದೂವರೆ ಪಟ್ಟು ತಾಳಿರುತ್ತದೆ. ಆದರೆ ಅದರ ಮೈಮೇಲಿನ ಹೀಟ್ ನಂಬರಿಗೂ (ಯಾವ ಕಡಾಯಿಯ ಎರಕ ಎಂದು ಗುರುತಿಸುವ ಸಂಖ್ಯೆ) ಎರಕದ ಕಾರ್ಖಾನೆಯ ಪ್ರಮಾಣಪತ್ರಕ್ಕೂ ತಾಳೆಯಾಗುವುದಿಲ್ಲ. ಒಂದು ಸಣ್ಣ ಕಾರ್ಖಾನೆಯ ಅಣ್ಣತಮ್ಮಂದಿರು ಹೀಗೆ ಇಡೀ ಒಂದು ಲಾಟ್ ಕಳೆದುಕೊಂಡದ್ದನ್ನು ನೋಡಿದೆ. ಎರಕ ಅಪ್ಪಟವಾಗಿತ್ತು, ಅದು ನನಗೂ ಗೊತ್ತಿತ್ತು. ಸಹಿ ಮಾಡಲು ಕೈ ಬರಲಿಲ್ಲ. ಹತ್ತು ವರ್ಷದ ನಂತರ ನಡುಸಮುದ್ರದಲ್ಲಿ ಅಂಥದೊಂದು ವಾಲ್ವ್ ಒಡೆದರೆ, ಅದೇ ಕಡಾಯಿಯಿಂದ ಹೊಯ್ದ ಉಳಿದ ವಾಲ್ವ್‌ಗಳು ಯಾವ ಯಾವ ಹಡಗಿನಲ್ಲಿವೆ ಎಂದು ಹುಡುಕುವ ದಾರಿ ಆ ನಂಬರ್ ಒಂದೇ. ಕೆಲಸ ಬಲ್ಲವರಿಗೆ ದಾಖಲೆ ಇಡುವುದನ್ನು ಕಲಿಸುವವರು ಊರೂರಿಗೆ ಹೋಗಬೇಕಿತ್ತು. ಖರೀದಿಸುವವರು ಅದನ್ನು ಸಾಕಷ್ಟು ಮಾಡಿಲ್ಲ ಎಂಬ ಸಿಟ್ಟು ನನಗಿದೆ. ಜಾಲತಾಣದಲ್ಲಿ ನಮೂನೆ ಇಟ್ಟರೆ ಮುಗಿಯಿತು ಎಂದುಕೊಂಡರೆ ತಾರಿಹಾಳದವರೆಗೆ ಅದು ಬರುವುದಿಲ್ಲ.

ಭೂಗೋಳ ನಮ್ಮ ಪರವಾಗಿದೆ. ಇಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಕಾರವಾರ. 2005ರಲ್ಲಿ ಆರಂಭವಾದ ಐಎನ್‌ಎಸ್ ಕದಂಬ ನೆಲೆಯಲ್ಲಿ ಹತ್ತು ಸಾವಿರ ಟನ್ ತೂಕದ ಹಡಗನ್ನು ನೀರಿನಿಂದ ಎತ್ತಿ ದಡದ ಮೇಲೆ ದುರಸ್ತಿಗೆ ಸರಿಸುವ ಶಿಪ್‌ಲಿಫ್ಟ್ ಇದೆ. ಸೀಬರ್ಡ್ ಎಂಬ ಹೆಸರಿನಲ್ಲಿ ಈಗ ನಡೆಯುತ್ತಿರುವ ಆ ನೆಲೆಯ ವಿಸ್ತರಣೆ ಮುಗಿದಾಗ ಅಲ್ಲಿ 32 ಹಡಗು, ಜಲಾಂತರ್ಗಾಮಿಗಳು ನಿಲ್ಲಬಲ್ಲವು. ಆ ನೆಲೆಗಾಗಿ ಕಾರವಾರ, ಅಂಕೋಲಾ ಭಾಗದ ಸಾವಿರಾರು ಕುಟುಂಬಗಳು ಊರು, ಗದ್ದೆ, ಮೀನು ಹಿಡಿಯುವ ದಡ ಬಿಟ್ಟುಕೊಟ್ಟವು. ಉತ್ತರ ಕನ್ನಡದ ಜನ ಅಷ್ಟು ತೆತ್ತಿರುವಾಗ ಅಲ್ಲಿನ ಹಡಗುಗಳ ಬಿಡಿಭಾಗಗಳು ಇನ್ನೆಲ್ಲಿಂದಲೋ ಬಂದು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಇನ್ನೊಂದು ಕಡೆ ಲೋಂಡಾ, ಕ್ಯಾಸಲ್‌ರಾಕ್ ದಾಟಿ ವಾಸ್ಕೋಗೆ ಹೋಗುವ ರೈಲು. ಹೊಸಪೇಟೆ ಸೀಮೆಯ ಅದಿರು ಗದಗ, ಹುಬ್ಬಳ್ಳಿ ಹಾಯ್ದು ಇದೇ ದಾರಿಯಲ್ಲಿ ಮಾರ್ಮಗೋವಾ ಬಂದರಿಗೆ ಹೋಗಿ ವರ್ಷಗಟ್ಟಲೆ ಹಡಗು ಹತ್ತಿತು. ಆ ದಾರಿಯ ತುದಿಯಲ್ಲೇ ಗೋವಾ ಶಿಪ್‌ಯಾರ್ಡ್ ಇದೆ. ತ್ರಿಪುಟ್, ತವಸ್ಯ ಎಂಬ ಎರಡು ಫ್ರಿಗೇಟ್‌ಗಳು ಅಲ್ಲಿ 2024 ಮತ್ತು 2025ರಲ್ಲಿ ನೀರಿಗಿಳಿದಿವೆ. ಹಸಿ ಅದಿರು ಹೋದ ಹಳಿಯ ಮೇಲೆ ಯಂತ್ರ ಮುಟ್ಟಿದ ಸಾಮಾನು ಹೋಗಲಿ ಎಂಬುದು ನನ್ನ ಆಸೆ.

ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಮೆಕ್ಯಾನಿಕಲ್ ಓದುತ್ತಿರುವ ಹುಡುಗಿಯೊಬ್ಬಳು ಕೇಳಿದಳು: “ಹಡಗಿನ ವಿನ್ಯಾಸ ಕಲಿಯೂದಕ್ಕ ಎಲ್ಲಿಗೆ ಹೋಗ್ಬೇಕ್ರೀ ಸರ?”

ನೌಕಾ ವಾಸ್ತುಶಾಸ್ತ್ರವನ್ನು ಐಐಟಿ ಖರಗ್‌ಪುರ, ಐಐಟಿ ಮದ್ರಾಸ್, ಕೊಚ್ಚಿನ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಾರೆ. ಆದರೆ ಹಡಗುಕಟ್ಟೆಗೆ ಬೇಕಾದವರಲ್ಲಿ ನೌಕಾ ವಾಸ್ತುಶಿಲ್ಪಿಗಳು ಒಂದು ಪಾಲು ಮಾತ್ರ. ಕಂಪನದ ವಿಜ್ಞಾನ, ಬೆಸುಗೆ, ಲೋಹಶಾಸ್ತ್ರ, ವಿದ್ಯುತ್ ಮೋಟಾರು, ಸಂಕೇತ ಸಂಸ್ಕರಣೆ, ಇವುಗಳಲ್ಲಿ ಒಂದನ್ನು ಆಳವಾಗಿ ಕಲಿತವರು ಅಲ್ಲಿ ಸಿಗುವುದು ಕಡಿಮೆ. ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಗೋಕುಲ ರಸ್ತೆಯ ಒಂದು ಕಾರ್ಖಾನೆಗೆ ಹೋಗಿ, ಒಂದು ಪಂಪಿನ ಕಂಪನ ಅಳೆದು, ಅದನ್ನು ಅರ್ಧಕ್ಕಿಳಿಸಿ ತೋರಿಸಿ. ಆ ವರದಿ ಹಿಡಿದು ಯಾವ ಹಡಗುಕಟ್ಟೆಯ ಸಂದರ್ಶನಕ್ಕೆ ಹೋದರೂ ಮಾತು ಮುಂದುವರಿಯುತ್ತದೆ.

ಇನ್ನೊಬ್ಬರು ಎರಕದ ಕಾರ್ಖಾನೆಯ ಹಿರಿಯರು. ಅವರ ಮಾತು ಹೀಗಿತ್ತು: “ನೀವು ಹೇಳೂದೆಲ್ಲಾ ಖರೇ ಐತ್ರೀ. ಆದ್ರ ಅವ್ರು ತಗೊಳ್ಳೂದು ಎಷ್ಟು? ಒಂದ ಸೈಜಿಂದು ಹತ್ತ, ಇಪ್ಪತ್ತ. ಅಷ್ಟಕ್ಕ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡ್ಸಿ, ಕ್ಷಕಿರಣ ತಗಸಿ, ಸುತ್ತಿಗಿ ಪರೀಕ್ಷಾಕ್ಕ ಕಳಿಸಿ, ರೊಕ್ಕ ಹೆಂಗ ಹುಟ್ಟತೈತಿ?”

ಆ ಸಂಜೆಯ ಅತ್ಯಂತ ಗಟ್ಟಿ ಪ್ರಶ್ನೆ ಅದು. ಮೊದಲ ಆರ್ಡರಿನಲ್ಲಿ ರೊಕ್ಕ ಹುಟ್ಟುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ ಎಂದೆ. ಲೆಕ್ಕವನ್ನು ಒಂದು ಹಡಗಿನ ಮೇಲೆ ಹಾಕಬಾರದು. ನೀಲಗಿರಿ ವರ್ಗದ ಹೊಸ ಫ್ರಿಗೇಟ್‌ಗಳು ಏಳು, ನಾಲ್ಕು ಮುಂಬೈಯಲ್ಲಿ, ಮೂರು ಕೋಲ್ಕತಾದಲ್ಲಿ, ಎಲ್ಲವೂ ಒಂದೇ ಮೂಲ ವಿನ್ಯಾಸದವು. ನಿಮ್ಮ ವಾಲ್ವ್ ಒಂದು ಸಲ ಆ ನಕ್ಷೆಯೊಳಗೆ ಸೇರಿದರೆ ಏಳಕ್ಕೂ ಅದೇ. ಭಾರತೀಯ ಹಡಗು ನೋಂದಣಿ ಸಂಸ್ಥೆಯ ಮಾದರಿ ಅನುಮೋದನೆ ಪಡೆದಿಟ್ಟರೆ ಅದೇ ವಾಲ್ವ್ ಕರಾವಳಿ ಕಾವಲು ಪಡೆಯ ನೌಕೆಗೂ, ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ ಕಟ್ಟುವ ಟಗ್‌ಗಳಿಗೂ ಹೋಗುವ ದಾರಿ ತೆರೆಯುತ್ತದೆ. ಕೇಂದ್ರದ ಇಲಾಖೆಗಳು, ಸರ್ಕಾರಿ ಉದ್ಯಮಗಳು ತಮ್ಮ ಖರೀದಿಯ ಶೇಕಡಾ 25ನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕೆಂಬ ನಿಯಮವೂ ಇದೆ, ಅದನ್ನು ಹಿಡಿದು ಕೇಳಿ. ಪರೀಕ್ಷೆಯ ಖರ್ಚು ದೊಡ್ಡದು, ಒಬ್ಬರಿಗೆ ಭಾರ. ತಾರಿಹಾಳದ ನಾಲ್ಕೈದು ಜನ ಸೇರಿ ಕ್ಷಕಿರಣದ ಸೌಲಭ್ಯ, ದಾಖಲೆ ನೋಡಿಕೊಳ್ಳುವ ಒಬ್ಬ ಅನುಭವಿ ಎಂಜಿನಿಯರ್, ಇಷ್ಟನ್ನು ಹಂಚಿಕೊಂಡರೆ ಅರ್ಧ ಹೊರೆ ಇಳಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಬಿಡಿಭಾಗ. ಯುದ್ಧನೌಕೆಯ ಆಯುಸ್ಸು ಸುಮಾರು 30 ವರ್ಷ. ಕೆಲವು ವರ್ಷಗಳಿಗೊಮ್ಮೆ ದೊಡ್ಡ ದುರಸ್ತಿಗೆ ಬರುತ್ತದೆ, ಆಗ ವಾಲ್ವ್‌ನ ಸೀಟು, ಸ್ಪಿಂಡಲ್, ಸೀಲು ಬದಲಾಗುತ್ತವೆ, ಕೆಲವು ಪೂರ್ತಿ ಹೊಸದೇ ಬೇಕಾಗುತ್ತವೆ. ದುರಸ್ತಿಯ ಎಂಜಿನಿಯರ್ ವಾಲ್ವ್ ಮೇಲಿನ ಹೆಸರಪಟ್ಟಿ ಓದಿ ಮೊದಲು ವಿಚಾರಿಸುವುದು ಅದನ್ನು ಮಾಡಿದವರನ್ನೇ. ಹೊರದೇಶದ ಎಷ್ಟೋ ತಯಾರಕರು ಅಷ್ಟರಲ್ಲಿ ಆ ಮಾದರಿಯನ್ನೇ ನಿಲ್ಲಿಸಿರುತ್ತಾರೆ, ಸಿಕ್ಕರೂ ಬರಲು ತಿಂಗಳುಗಟ್ಟಲೆ. ಕಾರವಾರದಲ್ಲಿ ಹಡಗು ಎತ್ತಿ ನಿಲ್ಲಿಸಿಕೊಂಡವರಿಗೆ ದಿನ ದಿನವೂ ಬೆಲೆಯುಳ್ಳದ್ದು. ಹುಬ್ಬಳ್ಳಿಯಿಂದ ಮುಂಜಾನೆ ಹೊರಟ ಗಾಡಿ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರುತ್ತದೆ. ನಿಮ್ಮ ಲಾಭ ಅಲ್ಲಿದೆ, ಆದ್ದರಿಂದ ಪ್ಯಾಟರ್ನ್ ಎಸೆಯಬೇಡಿ, ಡ್ರಾಯಿಂಗ್ ಕಳೆಯಬೇಡಿ, ಹೀಟ್ ನಂಬರಿನ ಪುಸ್ತಕವನ್ನು ಮೂವತ್ತು ವರ್ಷ ಇಡಿ ಎಂದೆ. ಹಿರಿಯರು ಪ್ಯಾಟರ್ನಿಗೆ ಕಟ್ಟಿಗೆ ಬಿಟ್ಟು ಅಲ್ಯೂಮಿನಿಯಂ ಬಳಸಿದರೆ ಎಷ್ಟು ಖರ್ಚಾದೀತು ಎಂದು ಪಕ್ಕದವರೊಂದಿಗೆ ಲೆಕ್ಕ ಹಾಕಲು ಕೂತರು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಅಳತೆ ತಪ್ಪುತ್ತದೆ, ಅಲ್ಯೂಮಿನಿಯಂ ದುಬಾರಿಯಾದರೂ ಇಂಥ ಕೆಲಸಕ್ಕೆ ಅದೇ ಸರಿ ಎಂದು ನಾನೂ ಹೇಳಿದೆ.